ಕಡಲಲ್ಲಿ ಕುಳಿತವನು

೧೯೪೮ ಆಗಸ್ಟ್ ೨೨, ಭಾನುವಾರ. ಔರಾದ

ಇಂದು ನನ್ನ ಅಂಗಳದಲ್ಲಿ ನನ್ನ ಮಗನನ್ನು ಕೊಲ್ಲಲು ಬಂದಿದ್ದರು! ಕತ್ತಿ ಹಿಡಿದು ಬಂದವರಲ್ಲ. ಹಣೆಗೆ ವಿಭೂತಿ ಧರಿಸಿ, ನಮ್ಮದೇ ಮನೆಯ ಚಹಾ ಕುಡಿದು, ಮೀಸೆ ಒರೆಸಿಕೊಂಡು ಕೊಲ್ಲಲು ಕುಳಿತವರು. ಬಂದವರು ನಮ್ಮ ಮಠದ ಗುರುಪಾದಯ್ಯನವರು. ತಂದದ್ದು ನನ್ನ ಸೊಸೆ ಶಿವಕಾಂತಾಳಿಗೆ ಉಡಿಕಿಯ ಮಾತು.

ಉಡಿಕಿ! ಗಂಡ ಸತ್ತವಳಿಗೆ ಇನ್ನೊಬ್ಬನ ಹೆಸರಿನ ಸೀರೆ ಉಡಿಸಿ ಅವನ ಮನೆ ತುಂಬಿಸುವ ಶಾಸ್ತ್ರ. ಹಾಗಾದರೆ ಕೇಳುತ್ತೇನೆ, ಉತ್ತರಿಸಲಿ ಈ ಲೋಕ: ನನ್ನ ಸೊಸೆಯ ಗಂಡ ಸತ್ತದ್ದು ಯಾವಾಗ? ನನ್ನ ಮನ್ಮಥ ಸತ್ತದ್ದನ್ನು ಕಂಡ ಕಣ್ಣು ಯಾವುದು?

ಅವನು ಮುಂಬಯಿಗೆ ಹೋಗಿ ನೌಕಾದಳ ಸೇರಿದ, ಹೌದು. ಆರು ವರ್ಷದ ಹಿಂದೆ ಯುದ್ಧದಲ್ಲಿ ಬರ್ಮಾದ ಕಡೆಯ ಕಡಲಿನಲ್ಲಿ ಅವನ ಹಡಗಿನ ಮೇಲೆ ಜಪಾನಿಯರ ಬಾಂಬು ಬಿತ್ತು, ಹೌದು. ಹಡಗು ಮುಳುಗಿತು, ಅದೂ ಹೌದು. ಆದರೆ ಸರ್ಕಾರ ಬರೆದು ಕಳಿಸಿದ್ದು 'ಕಾಣೆಯಾಗಿದ್ದಾನೆ' ಎಂದು. ಕಾಣೆ! ಬದುಕಿನ ಮುಕ್ಕಾಲು ಭಾಗ ಕಂಪನಿ ನಾಟಕದಲ್ಲಿ ರಾಜಾಪಾರ್ಟು ಮಾಡಿದವನು ನಾನು. ಕಡಲನ್ನು ಕಂಡಿಲ್ಲ, ಆದರೆ ಆಡಿದ್ದೇನೆ. ನೀಲಿ ಬಟ್ಟೆಯನ್ನು ಎರಡೂ ಬದಿಯಿಂದ ಜಗ್ಗಿ ಅಲೆ ಎಬ್ಬಿಸುತ್ತಿದ್ದರು. ಎರಡನೆಯ ಅಂಕದಲ್ಲಿ ಹಡಗು ಮುಳುಗುತ್ತಿತ್ತು. ಕೊನೆಯ ಅಂಕದಲ್ಲಿ ಮಗ ಗಡ್ಡ ಬಿಟ್ಟುಕೊಂಡು ಬಂದು ತಂದೆಯ ಕಾಲು ಹಿಡಿಯುತ್ತಿದ್ದ, ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಪರದೆಯ ಹಿಂದೆ ಸತ್ತವನು ಸತ್ತವನಲ್ಲ, ಇದು ನಾಟಕದ ಕಾಯಿದೆ. ಸಾಯುವವನು ಜನರ ಕಣ್ಣೆದುರು ಸಾಯಬೇಕು.

ಅಯ್ಯನವರು ತಣ್ಣಗೆ ಮಾತು ತೆಗೆದರು. "ಮಲ್ಲಪ್ಪಾ, ಹುಡುಗಿ ಇನ್ನಾ ಸಣ್ಣಾಕಿ. ನಿಜಾಮನ ರಜಾಕಾರರು ಇವತ್ತು ಆ ಹಳ್ಳಿ, ನಾಳಿ ಈ ಹಳ್ಳಿ ಅಂತ ಸುಡ್ಲತ್ತಾರ. ಹರೇದ ಹೆಣ್ಮಗಳನ್ನ ಮನ್ಯಾಗ ಇಟ್ಕೊಂಡು ಹ್ಯಾಂಗ ನಿದ್ದಿ ಮಾಡ್ತಿ? ಭಾಲ್ಕಿ ಹಾವಗೆಪ್ಪ, ಹೆಂಡ್ತಿ ಸತ್ತಾವ, ಕಾಳಿನ ಬಂಡಿ ಹೊಡಿತಾನ, ಛಲೋ ಮನಷ್ಯಾ. ತಾಯಿ, ಮಕ್ಕಳನ್ನ ಕರ್ಕೊಂಡು ಸೊಲ್ಲಾಪುರದ ಕಡಿ ಹೊಂಟಾನ. ಉಡಿಕಿ ಆದ್ರ ಇಕಿನೂ ಗಡಿ ದಾಟ್ತಾಳ."

"ಹಂಗೇ ಕರ್ಕೊಂಡು ಹೋಗಂತ ಹೇಳ್ರಿ."

"ಯಾವ ಸಂಬಂಧ ಅಂತ ಹೋಗ್ಬೇಕೋ? ದಾರ್ಯಾಗ ಯಾರರೆ ಕೇಳಿದ್ರ ಏನಂತ ಹೇಳ್ತಾಳ, ನಾ ಬಂಡಿ ನೋಡ್ಲಾಕ ಬಂದೀನಿ ಅಂತೇನು? ಮನ್ಮಥ ಹೋಗ್ಯಾನ ಅಂತ ನೀ ಒಂದು ಮಾತು ಹೇಳು. ಮುಂದಿಂದು ನಾ ನೋಡ್ಕೊತೇನಿ."

ಆಗ ನಾನು ಎದ್ದೆ. ಎದೆ ತುಂಬಿಸಿಕೊಂಡು, ಕಡೆಯ ಸಾಲಿನ ಪ್ರೇಕ್ಷಕನಿಗೂ ಕೇಳುವ ದನಿಯಲ್ಲಿ ಗರ್ಜಿಸಿದೆ. ನಮ್ಮಲ್ಲಿ ಸತ್ತವನನ್ನು ಹೇಗೆ ಮಣ್ಣು ಮಾಡುತ್ತೀರಿ, ಅಯ್ಯನವರೇ? ಮಲಗಿಸಿಯೋ? ಇಲ್ಲ, ಕೂಡಿಸಿ! ಕೊರಳಿನ ಲಿಂಗ ತೆಗೆದು ಎಡಗೈಯಲ್ಲಿ ಇಟ್ಟು, ಮಂಡಿ ಮಡಚಿ ಕೂಡಿಸಿ! ಚಿಂತಾಕಿಯ ಹೊಲದಲ್ಲಿ ನನ್ನಪ್ಪ ಕುಳಿತಿದ್ದಾನೆ, ಅವನಪ್ಪ ಕುಳಿತಿದ್ದಾನೆ. ನನ್ನ ಮಗನನ್ನು ಎಲ್ಲಿ ಕೂಡಿಸಿದಿರಿ? ಕೂಡಿಸದವನನ್ನು ಸತ್ತನೆಂದು ಹೇಗೆ ಅನ್ನುತ್ತೀರಿ? ಪಕ್ಕದ ಮನೆಯವರು ಮಾಳಿಗೆಯ ಕುಂಬಿಯ ಮೇಲೆ ಬಂದು ನಿಂತರು. ನಿಲ್ಲಲಿ!

ಅಯ್ಯನವರು ಬಾಗಿಲ ಕಡೆ ತಿರುಗಿ, "ತಾಯಿ ಏನಂತಾಳ?" ಎಂದರು. ಒಳಗಿನಿಂದ ನನ್ನ ಹೆಂಡತಿ ಲಲಿತಾಬಾಯಿ, "ಅವರಪ್ಪ ಹೇಳ್ಲಿ. ಅವರಪ್ಪನ ಬಾಯಿಂದ ಬಂದ ದಿನ ನಾ ಒಪ್ತೇನಿ. ಬ್ಯಾರೆಯವರ ಬಾಯಿಂದ ಕೇಳಾಂಗಿಲ್ಲ" ಎಂದಳು.

ನೋಡಿ, ತಾಯಿಯ ಹಟ! ಮಾತು ಮುಂದೆ ಹೋಗದೆ ನಿಂತಿರುವುದು ಇವಳೊಬ್ಬಳಿಂದ.

ಆಗಸ್ಟ್ ೨೫, ಬುಧವಾರ. ಔರಾದ

ಹಾವಗೆಪ್ಪ ತಾನೇ ಬಂದ. ಕಪ್ಪಗೆ, ಗಿಡ್ಡಗೆ, ಮಾತಿಗೆ ಮುಂಚೆ ಒಮ್ಮೆ ಕೆಮ್ಮುವ ಮನುಷ್ಯ. ರಂಗದ ಮೇಲೆ ಇವನಿಗೆ ದೂತನ ಪಾತ್ರ ಕೊಡಲೂ ನಾನು ಹಿಂದೆಮುಂದೆ ನೋಡುತ್ತಿದ್ದೆ. ಕುಳಿತವನೇ, "ಹುಮನಾಬಾದದಾಗ ನಿಮ್ಮ ರಾಜಾಪಾರ್ಟ್ ನೋಡೀನ್ರಿ ನಾ. ಸಣ್ಣಾವಿದ್ದೆ. ನೀವು ಕತ್ತಿ ಹಿರದು ಒದರಿದ್ರಲ್ರಿ, ಅಂಜಿ ಅಲ್ಲೇ ಉಚ್ಚಿ ಹೊಯ್ಕೊಂಡೆ" ಎಂದ.

ನನಗೆ ನಗು ಬಂತು. ಮನುಷ್ಯ ಕೆಟ್ಟವನಲ್ಲ ಎನ್ನಿಸಿತು. ಇನ್ನೊಂದು ಚಹಾ ಹೇಳಿದೆ.

ಆಗ ಅವನು ಕೆಮ್ಮಿ, "ಮಾವಾರ, ಬೀದರದ ಕುತುಬೋದ್ದೀನ ಅದೇ ಹಡಗಿನ್ಯಾಗ ಇದ್ದನಂತಲ್ರಿ? ಅವ ಖುದ್ದ ನೋಡ್ಯಾನಂತ. ಅವನ್ನ ಒಂದ್ಸಲ ಕರಸಿ ಕೇಳಬಹುದಿತ್ತಲ್ರಿ?" ಎಂದುಬಿಟ್ಟ.

ಕುತುಬೋದ್ದೀನ! ಹೌದು, ಮನ್ಮಥನ ಸಾಲಿಯ ಗೆಳೆಯ. ನಮ್ಮ ಮನೆಯ ರೊಟ್ಟಿ ತಿಂದು ಬೆಳೆದವನು. ಇಬ್ಬರೂ ಕೂಡಿಯೇ ಮುಂಬಯಿಗೆ ಹೋದರು, ಒಂದೇ ಹಡಗು ಏರಿದರು. ಯುದ್ಧ ಮುಗಿದ ಮೇಲೆ ಅವನೊಬ್ಬ ಬಂದ, ಇದೇ ಅಂಗಳದಲ್ಲಿ ನಿಂತು, "ಕಾಕಾ, ಮನ್ಮಥ..." ಎಂದು ಬಾಯಿ ತೆಗೆದ. ಮುಂದಿನ ಶಬ್ದ ಹೊರಡಲು ನಾನು ಬಿಡಲಿಲ್ಲ. ಒಬ್ಬನೇ ಬದುಕಿ ಬಂದವನ ಕಥೆ ಕೇಳುವ ಮೂರ್ಖ ನಾನಲ್ಲ. ಸುಳ್ಳ, ಅಂಜುಬುರುಕ, ಗೆಳೆಯನನ್ನು ಬಿಟ್ಟು ಓಡಿಬಂದವನೇ ಎಂದು ಓಣಿಯ ಕೊನೆಯವರೆಗೆ ಬಯ್ಯುತ್ತ ಹೋಗಿ ಬಿಟ್ಟು ಬಂದೆ. ಅದು ನನ್ನ ಜೀವನದ ಅತ್ಯುತ್ತಮ ಪ್ರವೇಶಗಳಲ್ಲಿ ಒಂದು. ಊರು ಇಂದಿಗೂ ನೆನೆಯುತ್ತದೆ.

ಹಾವಗೆಪ್ಪನಿಗೂ ಅದೇ ದನಿಯ ರುಚಿ ತೋರಿಸಿದೆ. ಅವನು ಎದ್ದು, "ಒದರಬ್ಯಾಡ್ರಿ ಮಾವಾರ. ಈಗ ನಾ ದೊಡ್ಡಾವ ಆಗೀನಿ" ಎಂದು ಚಪ್ಪಲಿ ಮೆಟ್ಟಿದ. ಹೊರಗೆ ಶಿವಕಾಂತಾ ಅವನ ಎತ್ತುಗಳಿಗೆ ನೀರು ಇಟ್ಟಿದ್ದಳು. ಅವನು ಅವಳಿಗೆ ಏನೋ ಕೇಳಿದ. ಅವಳು ಇಲ್ಲವೆಂದು ತಲೆ ಅಲ್ಲಾಡಿಸಲಿಲ್ಲ, ಎತ್ತಿನ ಹಣೆ ಸವರಿದಳು. ಬಂಡಿ ಹೋಯಿತು.

ಹೋಗಲಿ. ಮನ್ಮಥ ಬಂದು ಹೆಂಡತಿ ಎಲ್ಲಿ ಎಂದು ಕೇಳಿದರೆ ನಾನು ಏನು ಹೇಳಬೇಕಿತ್ತು?

ಸೆಪ್ಟೆಂಬರ್ ೨, ಗುರುವಾರ. ಬೀದರ

ಔರಾದದ ಮನೆ ಇಲ್ಲ. ಬಾಗಿಲು, ತೊಲೆ, ಜೋಳದ ಚೀಲ, ಎಲ್ಲ ಸುಟ್ಟಿದೆ.

ರಜಾಕಾರರ ಲಾರಿಯ ಸದ್ದು ಕೇಳುತ್ತಲೇ ಹಿತ್ತಲಿನಿಂದ ಹೊಲಕ್ಕೆ ಓಡಿದೆವು. ಜೋಳ ಆಳೆತ್ತರ ಬೆಳೆದು ನಿಂತಿತ್ತು. ಮೂವರೂ ಸಾಲಿನ ನಡುವೆ ಮುಖ ಅಡಿಯಾಗಿ ಬಿದ್ದೆವು. ಅವರು ಬದುವಿನ ಮೇಲೆ ನಡೆಯುತ್ತ ಬಡಿಗೆಯಿಂದ ದಂಟು ಸರಿಸಿ ನೋಡುತ್ತಿದ್ದರು. ಒಬ್ಬ ನಗುತ್ತಿದ್ದ. ನನಗೆ ಕೆಮ್ಮು ಬಂತು. ಎದೆಯೊಳಗಿನಿಂದ, ತಡೆಯಲಾರದ ಕೆಮ್ಮು. ಶಿವಕಾಂತಾ ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿ ಒತ್ತಿ ಹಿಡಿದಳು. ನಾನು ಅವಳ ಕೈ ಕಚ್ಚಿದೆ. ಅವಳು ತೆಗೆಯಲಿಲ್ಲ.

ಈಗ ಬೀದರದ ಕಾಳಿನ ಪೇಟೆ ಗಂಜಿನ ಹಿಂದೆ, ನಮ್ಮ ಹಳೆಯ ಕಂಪನಿಯ ಗೋದಾಮಿನಲ್ಲಿ ಇದ್ದೇವೆ. ಮಾಲಕ ಸತ್ತ ಮೇಲೆ ಕೀಲಿ ನನ್ನ ಹತ್ತಿರವೇ ಉಳಿದಿತ್ತು. ಮುಂದಿನ ಖೋಲಿಯಲ್ಲಿ ನಾವು. ಹಿಂದಿನ ಖೋಲಿಯಲ್ಲಿ ಪೆಟ್ಟಿಗೆಗಳು, ಪರದೆಗಳು, ಕಿರೀಟಗಳು.

ನಾನು ಕಚ್ಚಿದ ಗಾಯಕ್ಕೆ ಶಿವಕಾಂತಾ ಅರಿಶಿಣ ಹಚ್ಚಿಕೊಂಡಿದ್ದಾಳೆ.

ಸೆಪ್ಟೆಂಬರ್ ೧೪, ಮಂಗಳವಾರ. ಬೀದರ

ಹಿಂದುಸ್ಥಾನದ ವಿಮಾನಗಳು ಬಂದವು. ಕಿಲ್ಲೆಯ ಕಡೆ ನೆಲ ನಡುಗಿತು. ಶಿವಕಾಂತಾ ಕಿವಿ ಮುಚ್ಚಿಕೊಂಡು, "ಮಾವಾರ, ಹಡಗಿನ ಮ್ಯಾಲೂ ಹಿಂಗೇ ಬಂದಿದ್ದಾವೇನ್ರಿ?" ಎಂದಳು.

ಸೆಪ್ಟೆಂಬರ್ ೧೮, ಶನಿವಾರ. ಬೀದರ

ಮುಗಿಯಿತು! ನಿಜಾಮನ ಸೈನ್ಯ ಶರಣಾಯಿತು! ಹಿಂದುಸ್ಥಾನದ ಫೌಜು ಊರೊಳಗೆ ಬಂದಿದೆ! ಗಂಜಿನ ಚೌಕದಲ್ಲಿ ಜನ ನನ್ನನ್ನು ಹೆಗಲ ಮೇಲೆ ಎತ್ತಿದರು, "ರಾಜಾಪಾರ್ಟ್, ಒಂದು ಮಾತು ಹೊಡಿ" ಎಂದರು. ಹೊಡೆದೆ. ಬಹಳ ದಿನದ ಮೇಲೆ ಗಂಟಲು ಬಿಚ್ಚಿ ಹೊಡೆದೆ.

ಸಂಜೆಗೆ ಬೇರೆ ಕಡೆಯಿಂದ ಹೊಗೆ ಎದ್ದಿತು. ಈಗ ಮುಸಲ್ಮಾನರ ಓಣಿಗಳ ಸರದಿ. ನನ್ನನ್ನು ಹೆಗಲ ಮೇಲೆ ಎತ್ತಿದವರಲ್ಲಿ ಕೆಲವರು ಬಡಿಗೆ ಹಿಡಿದು ಆ ಕಡೆಯೇ ಹೋದರು.

ಸೆಪ್ಟೆಂಬರ್ ೨೨, ಬುಧವಾರ. ಬೀದರ

ಹಾವಗೆಪ್ಪ ಸೊಲ್ಲಾಪುರದಿಂದ ಮರಳಿದ್ದಾನೆ. ಗುರುಪಾದಯ್ಯನವರು ಗೋದಾಮು ಹುಡುಕಿಕೊಂಡು ಬಂದು ಹೇಳಿದರು: ಅವನು ಇನ್ನೂ ಶಿವಕಾಂತಾಳನ್ನೇ ಕೇಳುತ್ತಿದ್ದಾನೆ, ಆದರೆ ಅವನ ಸೋದರಮಾವ ದತ್ತಾತ್ರಿ ಬೇರೆ ಕಡೆ ಹೆಣ್ಣು ನೋಡಿಟ್ಟಿದ್ದಾನೆ. ದಸರಾದೊಳಗೆ ಹಿರಿಯರ ಮುಂದೆ ಮನ್ಮಥನ ಸಾವು ಖಾತ್ರಿಯಾಗಬೇಕು. ಇಲ್ಲವಾದರೆ ಮಾತು ಮುರಿಯಿತು.

"ನೀ ಏನರೆ ಅನ್ನು ಮಲ್ಲಪ್ಪಾ, ಆದ್ರ ಒಂದು ವಿಚಾರ ಮಾಡು. ಮನಿ ಸುಟ್ಟದ. ನಿನ್ನ ಎದಿ ನೋಡು, ಕುಲುಮ್ಯಾಗಿನ ಭಾತಿ ಬಡದಂಗ ಬಡಿಲತ್ತದ. ನೀವಿಬ್ಬರು ಹೋದ ಮ್ಯಾಲ ಈ ಹುಡುಗಿ ಯಾರ ಹೊಸ್ತಿಲದಾಗ ನಿಂದರಬೇಕು?"

ನಾನು ಗರ್ಜಿಸಲು ಬಾಯಿ ತೆಗೆದೆ, ಕೆಮ್ಮು ಬಂತು. ಶಿವಕಾಂತಾ ಗಾಯದ ಕೈಯಲ್ಲೇ ನೀರು ತಂದುಕೊಟ್ಟಳು.

ಒಪ್ಪಿದ್ದೇನೆಂದು ತಿಳಿಯಬೇಡಿ. ಕುತುಬನ ಬಾಯಿಂದ ಸುಳ್ಳು ಹೊರಬಿದ್ದರೆ ಎಲ್ಲರ ಬಾಯಿ ಮುಚ್ಚಿಸಬಹುದು ಎಂದಷ್ಟೇ ಅವನ ಮನೆಗೆ ಹೋದೆ.

ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕುತುಬನ ಮನೆಯ ಬಾಗಿಲು ಅಂಗಳದಲ್ಲಿ ಅಡ್ಡ ಬಿದ್ದಿತ್ತು. ಅದರ ಮೇಲೆ ಅವನ ತಾಯಿ ಖತೀಜಾ ಬೇಗಂ ಕುಳಿತಿದ್ದಳು. ನನ್ನನ್ನು ಕಂಡು ಏಳಲಿಲ್ಲ. "ಭಾಯಿಸಾಬ್, ನೀವೂ ಬಂದ್ರೇನು?" ಎಂದಳು.

ರಂಗದ ಮೇಲೆ ನನಗೆ ಯಾರೂ ಇಂಥ ಮಾತು ಎಸೆದದ್ದಿಲ್ಲ. "ನಾ ಹಂಗ ಬಂದಿಲ್ಲವಾ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಕುತುಬ ಹಿಂದಿನ ಕಟ್ಟಿಗೆಯ ರಾಶಿಯೊಳಗೆ ಇದ್ದ. ಹೊರಗೆ ಎಳೆದಾಗ ಕಣ್ಣು ಮಾತ್ರ ಕಂಡವು. ಗೋದಾಮಿಗೆ ಮರಳಿ ಕೈಗಾಡಿ ತಂದು, ತಾಯಿ ಮಗ ಇಬ್ಬರನ್ನೂ ಅದರಲ್ಲಿ ಮಲಗಿಸಿ, ಮೇಲೆ ಅರಮನೆಯ ಪರದೆ ಹೊದಿಸಿ, ಅದರ ಮೇಲೆ ಕಿರೀಟ, ಗದೆ ಒಟ್ಟಿದೆ. ನಡುಹಗಲು, ಗಂಜಿನ ನಟ್ಟನಡುವೆ ಗಾಡಿ ತಳ್ಳುತ್ತ ರಂಗಗೀತೆ ಹಾಡಿದೆ. ಬಡಿಗೆ ಹಿಡಿದವರು ಕಟ್ಟೆಯ ಮೇಲೆ ಕುಳಿತು ನಕ್ಕರು. "ಏ ರಾಜಾಪಾರ್ಟ್, ಯಾವ ನಾಟಕ ಹಚ್ಚತಿ?" ಎಂದ ಒಬ್ಬ. "ದಸರಾಕ್ಕ ಬರ್ರೋ, ಪುಕ್ಕಟೆ ತೋರಿಸ್ತೇನಿ!" ಎಂದೆ. ಪರದೆಯ ಕೆಳಗೆ ಗಾಡಿ ನಡುಗುತ್ತಿತ್ತು.

ಇಬ್ಬರನ್ನೂ ಹಿಂದಿನ ಖೋಲಿಯಲ್ಲಿ ಅಡಗಿಸಿ ಇಟ್ಟಿದ್ದೇನೆ. ಶಿವಕಾಂತಾ ಊಟ ಒಯ್ಯುತ್ತಾಳೆ. ಲಲಿತಾಬಾಯಿ ಆ ಬಾಗಿಲ ಕಡೆ ಹೋಗುವುದಿಲ್ಲ. "ಅವನ ಮಾರಿ ನೋಡಿದ್ರ ಕೇಳಬೇಕಾಗ್ತದ. ಕೇಳೂದು ನನ್ನ ಕೆಲಸ ಅಲ್ಲ" ಎಂದಳು.

ಸೆಪ್ಟೆಂಬರ್ ೨೭, ಸೋಮವಾರ. ಬೀದರ

ಇಂದು ಹೋಗಿ ಕುಳಿತೆ. ಇಷ್ಟು ದಿನ ಬಾಗಿಲಲ್ಲಿ ನಿಂತು, ನೀರು ಬೇಕೇನು, ಬೆಳಕು ಬೇಕೇನು ಎಂದು ಕೇಳಿ ಬರುತ್ತಿದ್ದೆ. ಖತೀಜಾ ಬೇಗಂ ಮೂಲೆಯಲ್ಲಿ ಜಪಮಣಿ ಎಣಿಸುತ್ತಿದ್ದಳು. ಕುತುಬ ನೀಲಿ ಬಟ್ಟೆಯ ಗಂಟಿಗೆ ಒರಗಿದ್ದ.

"ಹೇಳು" ಎಂದೆ.

"ಹೇಳ್ತೇನಿ ಕಾಕಾ. ಆದ್ರ ಹೋದ್ ಸಲದಂಗ ನಡುವ ಎಬ್ಬಸಬ್ಯಾಡ್ರಿ. ಈ ಸಲ ನನಗ ಹೊರಗ ಹೋಗ್ಲಾಕ ಜಾಗಾ ಇಲ್ಲ."

ನಾನು ಎದೆಯ ಮೇಲೆ ಕೈ ಇಟ್ಟು ಆಣೆ ಮಾಡಿದೆ.

"ನಿಮ್ಮ ಈ ಬಟ್ಟಿ ನೋಡಿದಾಗೆಲ್ಲ ನಗು ಬರ್ತದ. ಸಮುದ್ರ ಅವತ್ತು ನೀಲಿ ಇರಲಿಲ್ಲ ಕಾಕಾ. ಎಣ್ಣಿ ಚೆಲ್ಲಿ ಕರ್ರಗಾಗಿತ್ತು. ಕೆಲವು ಕಡಿ ನೀರೇ ಉರಿಲತ್ತಿತ್ತು. ಹಡಗು ಹೋಗೂದು ನೋಡ್ಲಾಕ ನಮಗ ವ್ಯಾಳ್ಯಾ ಇರಲಿಲ್ಲ. ಒಂದು ತೆಪ್ಪ ಸಿಕ್ತು. ಏಳೆಂಟು ಮಂದಿ ಇದ್ದೆವು. ಮನ್ಮಥಗ ನಾನೇ ಎಳಕೊಂಡೆ. ಇಂಜಿನದ ಬಿಸಿ ಉಗಿ ಹೊಡದಿತ್ತು ಅವಗ, ಹೊಟ್ಟಿಗಿ, ತೊಡಿಗಿ. ನಾ ಬಿಟ್ಟು ಓಡಿ ಬಂದಿಲ್ಲ ಕಾಕಾ."

ನಾನು ನೆಲ ನೋಡಿದೆ.

"ಆ ದಿನ ಪೂರಾ ಬದುಕಿದ್ದ. ಮಾತಾಡ್ತಿದ್ದ. ಒಂದ್ಸಲ ನಕ್ಕ. 'ಕುತುಬ್ಯಾ, ನಮ್ಮಪ್ಪ ಆಗಿದ್ರ ಸಾಯೂದರೊಳಗ ಎರಡು ಪದಾ ಹಾಡಿ, ಮತ್ತೊಮ್ಮೆ ಅಂದ್ರ ಎದ್ದು ಕುಂತು ಮತ್ತ ಹಾಡ್ತಿದ್ದ' ಅಂದ. ನೀರು ಕೇಳ್ದ. ಇರಲಿಲ್ಲ. ಮರುದಿನ ಬಿಸಿಲು ಏರಿತ್ತು, ಮಾತು ನಿಂತಿತ್ತು. ನೋಡಿದ್ರ ಹೋಗಿದ್ದ."

ಖತೀಜಾ ಬೇಗಂಳ ಮಣಿ ನಿಂತಿದ್ದವು.

"ತೆಪ್ಪದಾಗ ಜಾಗಾ ಇಲ್ಲ, ದೂಡು ಅಂದ್ರು. ಎಲ್ಲರನ್ನೂ ಹಂಗೇ ದೂಡಿದ್ದೆವು. ನಾ ತಡೀರಿ ಅಂದೆ. ನಿಮ್ಮಪ್ಪ ಹೋದಾಗ ಚಿಂತಾಕಿಗಿ ಬಂದಿದ್ದೆನಲ್ಲ ಕಾಕಾ, ಮನ್ಮಥನ ಜೋಡಿ? ಮುತ್ಯಾಗ ಹ್ಯಾಂಗ ಕೂಡಿಸಿದ್ರಿ, ನೋಡಿದ್ದೆ. ಇವ ಅಡ್ಡ ಹೋಗಬಾರದು ಅನಿಸ್ತು. ಮಂಡಿ ಮಡಚಿದೆ. ನನ್ನ ಸೊಂಟದ ಪಟ್ಟಾ ಬಿಚ್ಚಿ ಕಾಲು, ಬೆನ್ನು ಕೂಡಿ ಕಟ್ಟಿದೆ. ಕೊಳ್ಳಾಗಿನ ಲಿಂಗ ತೆಗೆದು ಎಡಗೈದಾಗ ಇಟ್ಟು ಬೆರಳು ಮುಚ್ಚಿದೆ, ಅಂಗಿ ಹರದು ಸುತ್ತಿದೆ. ತೆಪ್ಪದ ಕಬ್ಬಿಣದ ಕೊಂಡಿ ಕಳಚಿ ಭಾರಕ್ಕ ಕಟ್ಟಿದೆ. ನಿಮ್ಮ ಮಂತ್ರ ನನಗ ಬರಲಿಲ್ಲ. ನಮ್ಮದು ಓದಿದೆ. ಬಗಲಾಗ ಕೈ ಹಾಕಿ ಇಳಿಸಿದೆ. ಕುಂತೇ ಹೋದ ಕಾಕಾ. ತಲಿ ನೆಟ್ಟಗಿತ್ತು. ಕಾಣೂತನಕ ನೋಡಿದೆ."

ಕೈ ಮುಗಿದು, "ತಪ್ಪಾಗಿದ್ರ ಮಾಫ್ ಮಾಡ್ರಿ" ಎಂದ.

ಬಾಗಿಲಲ್ಲಿ ಶಿವಕಾಂತಾ ತಾಟು ಹಿಡಿದು ನಿಂತಿದ್ದಳು. ಯಾವಾಗ ಬಂದಳೋ.

ಹೆಚ್ಚು ಬರೆಯಲಾರೆ.

ಅಕ್ಟೋಬರ್ ೫, ಮಂಗಳವಾರ. ಭಾಲ್ಕಿ

ರೈಲಿನಲ್ಲಿ ಶಿವಕಾಂತಾಳನ್ನು ಕರೆದುಕೊಂಡು ಬಂದೆ. ಲಲಿತಾಬಾಯಿ ಗೋದಾಮಿನಲ್ಲೇ ಉಳಿದಳು, ಒಳಗಿನವರನ್ನು ಬಿಟ್ಟು ಬರುವ ಹಾಗಿರಲಿಲ್ಲ. ಹೊರಡುವಾಗ ಸೊಸೆಯ ತಲೆ ಬಾಚಿದಳು. ನಾನು ಕೇಳಿದ್ದನ್ನು ಇನ್ನೂ ಆಕೆಗೆ ಹೇಳಿಲ್ಲ. ಎಷ್ಟೋ ಸಲ ಎದುರು ಹೋಗಿ ಕುಳಿತೆ. ಬಾಯಿ ಬರಲಿಲ್ಲ.

ಹಾವಗೆಪ್ಪನ ಪಡಸಾಲೆಯಲ್ಲಿ ಹಿರಿಯರು ಕಂಬಳಿ ಹಾಸಿ ಕುಳಿತಿದ್ದರು. ನಡುವೆ ಗುರುಪಾದಯ್ಯನವರು. ಹಾವಗೆಪ್ಪ ಬಾಗಿಲ ಬಳಿ, ಅತಿಥಿಯಂತೆ. ಒಳಗೆ ಹೆಂಗಸರ ನಡುವೆ ಶಿವಕಾಂತಾ.

"ಹೇಳ್ರಿ ಮಲ್ಲಪ್ಪನೋರ" ಎಂದರು ಅಯ್ಯನವರು.

ನಿಂತೆ. ಸಾವಿರ ಜನರ ಮುಂದೆ ನಿಂತವನು ನಾನು. ಇಲ್ಲಿ ಹತ್ತು ಜನ ಇರಲಿಲ್ಲ. ನಾಲ್ಕು ಶಬ್ದ ಹೇಳಬೇಕಿತ್ತು. ಮೊದಲ ಶಬ್ದ ಮಗನ ಹೆಸರು. "ಮನ್ಮಥ" ಎಂದೆ. ಅಲ್ಲಿಗೆ ನಿಂತಿತು. ಮರಳಿ "ಮನ್ಮಥ" ಎಂದೆ.

ದತ್ತಾತ್ರಿ ಎಲೆಅಡಿಕೆ ಉಗುಳಿ, "ರಾಜಾಪಾರ್ಟಿನ ಮಾತು ಮರ್ತಂಗ ಆಯ್ತು. ಸಾಕ್ಷಿ ಯಾರದಾರ್ರಿ? ಆ ಕುತುಬೋದ್ದೀನ ಅಂತ ಒಬ್ಬ ಇದ್ದನಲ್ಲ, ಅವನ್ನ ಕರಸ್ರಿ. ಎಲ್ಲಿ ಅದಾನ ಈಗ?" ಎಂದ.

"ಗೊತ್ತಿಲ್ಲ."

"ಗಂಜಿನ್ಯಾಗ ಯಾರೋ ನಾಟಕದ ಗಾಡಿ ತಳ್ಳಿದ್ರಂತ. ಬೀದರದ ಮಂದಿ ಹೇಳ್ತಾರ. ನೀ ಎಲ್ಲಿ ಅಂತ ಹೇಳಪ್ಪಾ, ಕರಕೊಂಡು ಬರ್ಲಾಕ ನನ್ನ ಮಂದಿ ಅದಾರ."

ನಕ್ಕ. ಅವನ ಮಂದಿ ಎಂಥವರು ಎಂದು ನನಗೆ ಗೊತ್ತು. ಕಟ್ಟೆಯ ಮೇಲೆ ಕುಳಿತವರಂಥವರೇ. ಕುತುಬ ಇರುವ ಜಾಗ ಹೇಳಿದರೆ ಸೊಸೆಗೆ ಮನೆ, ಅವನಿಗೆ ಮಣ್ಣು. ಹೇಳದಿದ್ದರೆ ಇವಳು ನನ್ನ ಕೆಮ್ಮು ಕೇಳುತ್ತ ಗೋದಾಮಿನಲ್ಲಿ ಮುದುಕಿಯಾಗಬೇಕು. ಕಂಬ ಹಿಡಿದು ನಿಂತೆ. "ಸಾಕ್ಷಿ ಇಲ್ಲ" ಎಂದೆ.

"ಅಂದ ಮ್ಯಾಲ ಮಾತು ಮುಗಿತು" ಎಂದು ದತ್ತಾತ್ರಿ ಎದ್ದ.

ಆಗ ಶಿವಕಾಂತಾ ಹೊರಗೆ ಬಂದಳು. ಸೆರಗು ತಲೆಯ ಮೇಲಿತ್ತು, ಮುಖ ನೆಟ್ಟಗಿತ್ತು. ಹೆಂಗಸರು ಅವಳ ರಟ್ಟೆ ಹಿಡಿದು ಒಳಗೆ ಎಳೆಯುತ್ತಿದ್ದರು.

"ನನಗ ಯಾರೂ ಕೇಳಿಲ್ರಿ ಅಯ್ಯನೋರ" ಎಂದಳು. "ಆರು ವರ್ಷ ಆಯ್ತು, ಅವರಪ್ಪಗ ಕೇಳಿದ್ರಿ, ಅವರವ್ವಗ ಕೇಳಿದ್ರಿ, ಸರ್ಕಾರಕ್ಕ ಕೇಳಿದ್ರಿ. ಹೆಂಡ್ತಿ ನಾ ಇದ್ದೀನಿ. ನಾ ಹೇಳ್ತೇನಿ, ನನ್ನ ಗಂಡ ಸತ್ತಾರ. ಕೈದಾಗ ಲಿಂಗ ಹಿಡಕೊಂಡು, ಕುಂತು ಹೋಗ್ಯಾರ. ಅವರಿಗಿ ಆಗಬೇಕಾದದ್ದು ಆಗ್ಯದ. ಸುಳ್ಳಾದ್ರ ಆ ಪಾಪ ನನಗ ಬರ್ಲಿ, ನಮ್ಮ ಮಾವಾಗ ಬ್ಯಾಡ."

ಕೊರಳಿಗೆ ಕೈ ಹಾಕಿದಳು. ತಾಳಿಯ ದಾರ ಹಳೆಯದಾಗಿತ್ತು, ಜಗ್ಗಿದರೆ ಹರಿಯುತ್ತಿತ್ತು. ಅವಳು ಜಗ್ಗಲಿಲ್ಲ. ಗಂಟು ಬಿಚ್ಚಿದಳು, ತಡವಾಯಿತು, ಬೆರಳು ಸಿಕ್ಕಿಕೊಂಡವು. ಬಿಚ್ಚಿ ತಂದು ನನ್ನ ಅಂಗೈಯಲ್ಲಿ ಇಟ್ಟಳು. ಅವಳ ಕೈಯಲ್ಲಿ ನನ್ನ ಹಲ್ಲಿನ ಗುರುತು ಇನ್ನೂ ಇದೆ.

"ಯಾರು ನೋಡ್ಯಾರಂತ..." ಎಂದ ದತ್ತಾತ್ರಿ.

"ಕುಂಡ್ರು ದತ್ತಾತ್ರಿ" ಎಂದರು ಗುರುಪಾದಯ್ಯನವರು. "ಹೆಂಡ್ತಿ ಹೇಳಿದ ಮ್ಯಾಲ ಇನ್ನೊಬ್ಬರದು ಏನು ಬೇಕಾಗ್ಯದ?"

ಹಾವಗೆಪ್ಪ ಒಮ್ಮೆ ಕೆಮ್ಮಿದ. "ನನಗ ಖಾತ್ರಿ ಅದರಿ" ಎಂದ. ಅಷ್ಟೇ ಅವನ ಪಾತ್ರ. ಚೆನ್ನಾಗಿ ಮಾಡಿದ.

ದೀಪ ಹಚ್ಚುವ ಹೊತ್ತಿಗೆ ಸೀರೆ ಉಡಿಸಿದರು. ವಾಲಗ ಇಲ್ಲ, ಅಕ್ಷತೆ ಇಲ್ಲ. ಹೆಣ್ಣಿನ ಕಡೆಯವರು ಯಾರು ಎಂದರು. ನಾನು ಮುಂದೆ ಹೋದೆ. ಮಗಳನ್ನು ಕಳಿಸುವ ಮಾತು ನನಗೆ ಎಷ್ಟೋ ಬರುತ್ತವೆ, ಅಳಿಸುವಂಥವು. ಒಂದೂ ನೆನಪಾಗಲಿಲ್ಲ. "ಉಂಡಿಯೇನವಾ?" ಎಂದೆ. "ನೀವು ಉಂಡ್ರೇನ್ರಿ?" ಎಂದಳು.

ಅಕ್ಟೋಬರ್ ೬, ಬುಧವಾರ. ಬೀದರ

ಬೆಳಗಿನ ರೈಲಿಗೆ ಬಂದೆ. ಗಂಜಿನಲ್ಲಿ ದತ್ತಾತ್ರಿಯ ಕಡೆಯ ಇಬ್ಬರನ್ನು ಕಂಡಂತಾಯಿತು. ಸುತ್ತು ಹಾಕಿ ಬಂದೆ. ಕುತುಬನನ್ನೂ ಅವನ ತಾಯಿಯನ್ನೂ ಇಲ್ಲಿ ಇನ್ನು ಹೆಚ್ಚು ದಿನ ಇಡುವ ಹಾಗಿಲ್ಲ. ಎಲ್ಲಿಗೆ ಒಯ್ಯಬೇಕೋ ತಿಳಿಯದು.

ಲಲಿತಾಬಾಯಿ ರೊಟ್ಟಿ ಬಡಿಯುತ್ತಿದ್ದಳು. "ಹೋದಳೇನ್ರಿ?" ಎಂದಳು.

"ಹೋದಳು."

"ಸಭಾದಾಗ ಯಾರು ಹೇಳಿದ್ರು?"

"ಆಕಿನೇ."

ಹಿಟ್ಟಿನ ಕೈ ನಿಂತಿತು. ನನ್ನ ಮುಖ ನೋಡುತ್ತ ಕಾದಳು. ನಾನು ಒಲೆಯ ಮುಂದೆ ಕುಳಿತೆ.

"ಲಲಿತಾ, ನಮ್ಮ ಮನ್ಮಥ ಸತ್ತ" ಎಂದೆ.

ಆಕೆ ಅಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ತಿರುವಿ ಹಾಕಿದಳು. "ಆರು ವರ್ಷ ಆಯ್ತಲ್ರಿ" ಎಂದಳು. ಆಮೇಲೆ, "ಹ್ಯಾಂಗ?" ಎಂದಳು.

"ಕುಂತು ಹೋದ. ಕೈದಾಗ ಲಿಂಗ ಇತ್ತು."

"ಯಾರು ಕೂಡಿಸಿದ್ರು?"

ಹಿಂದಿನ ಬಾಗಿಲು ತೋರಿಸಿದೆ. ಆಕೆ ಎದ್ದು, ಕೈ ತೊಳೆದುಕೊಂಡು, ಇಷ್ಟು ದಿನ ದಾಟದ ಆ ಹೊಸ್ತಿಲು ದಾಟಿದಳು.

ಕುತುಬ ಗಡಬಡಿಸಿ ಎದ್ದು ನಿಂತ.

"ಕುಂಡ್ರಪ್ಪಾ. ಅವಗ ಹ್ಯಾಂಗ ಕೂಡಿಸಿದಿ, ಹಂಗ ಕುಂತು ತೋರಿಸು."

ಅವನು ನನ್ನ ಕಡೆ ನೋಡಿದ. ನಾನು ತಲೆ ಬಾಗಿಸಿದೆ. ಅವನು ನೆಲದ ಮೇಲೆ ಮಂಡಿ ಮಡಚಿ, ಬೆನ್ನು ನೆಟ್ಟಗೆ ಮಾಡಿ, ಎಡಗೈ ಎದೆಯ ಮುಂದೆ ಹಿಡಿದು ಕುಳಿತ. ಲಲಿತಾಬಾಯಿ ಎದುರಿಗೆ ಕುಳಿತು ನೋಡಿದಳು. ಕಾಲು ನೋಡಿದಳು, ಹೆಗಲು ನೋಡಿದಳು.

"ಕಾಲು ಸೆಟದಿದ್ದಾವೇನು? ನೋವು ಮಾಡಿ ಮಡಚಿದಿಯೇನು?"

"ಇಲ್ಲ ಕಾಕು. ಬಿಸಿಲಿತ್ತು. ಮೆತ್ತಗ ಮಡಚಿದುವು."

ಆಕೆ ಅವನ ಎಡಗೈ ಹಿಡಿದು ಸ್ವಲ್ಪ ಮೇಲೆತ್ತಿದಳು. "ಇಷ್ಟಿತ್ತೇನು?"

"ಇನ್ನ ಸ್ವಲ್ಪ ಮ್ಯಾಲ."

ಎತ್ತಿದಳು. ಬೆರಳು ಒಂದೊಂದಾಗಿ ಬಿಡಿಸಿ ಅಂಗೈ ನೋಡಿದಳು. "ಹಂಗೇ ಕುಂಡ್ರು, ಅಲ್ಲಾಡಬ್ಯಾಡ" ಎಂದು ಎದ್ದು ಹೋದಳು. ಖತೀಜಾ ಬೇಗಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಲಲಿತಾಬಾಯಿ ಒಲೆಯಿಂದ ತೆಗೆದ ರೊಟ್ಟಿ ತಂದು ಆ ಅಂಗೈಯ ಮೇಲೆ ಇಟ್ಟಳು. ಹೊಗೆಯಾಡುತ್ತಿತ್ತು. ಆಕೆ "ಉಣ್ಣು" ಎನ್ನುವ ತನಕ ಅವನು ಕೈ ಕದಲಿಸಲಿಲ್ಲ.